ಬಾಲ್ಕನಿಯ ಬಿಯರ್ ಬಳ್ಳಿ

ಸರಿಯಾದ ಮಾಲು ಆರಿಸುವುದೇ ನನ್ನ ಕಸುಬು. ಕುವೈತಿನ ಮೀನಾ ಅಬ್ದುಲ್ಲಾದ ಒಂದು ಕಂಪೆನಿಯಲ್ಲಿ ಹದಿನೆಂಟು ವರ್ಷಗಳಿಂದ ಸ್ಟೋರ್‌ಕೀಪರ್ ಆಗಿದ್ದೇನೆ. ನಟ್ಟು, ಬೋಲ್ಟು, ವಾಲ್ವು ಯಾವುದೇ ಬರಲಿ, ಕೈಯಲ್ಲಿ ಹಿಡಿದರೆ ಸಾಕು, ಅಸಲಿಯೋ ನಕಲಿಯೋ ಹೇಳಿಬಿಡುತ್ತೇನೆ. ಇಂಥವನಿಗೆ ಒಂದು ಹಾಪ್ಸ್ ಬಳ್ಳಿ ಆರಿಸುವುದು ಯಾವ ಮಹಾ ಕೆಲಸ?

ಹಾಪ್ಸ್ ಎಂದರೆ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂ. ರಿಟೈರ್ ಆಗಿ ಮಂಗಳೂರಿಗೆ ಹೋದ ಮೇಲೆ ಮನೆಯಲ್ಲೇ ಬಿಯರ್ ಮಾಡಬೇಕೆಂಬುದು ನನ್ನ ಜೀವನದ ಏಕೈಕ ಮಹತ್ವಾಕಾಂಕ್ಷೆ. ಕುವೈತಿನಲ್ಲಿ ಮಾಡುವಂತಿಲ್ಲ. ಮಾಡಿದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಖಲಾಸ್, ರಿಟೈರ್ ಆಗುವ ತನಕ ಕಾಯದೆ ಅವರೇ ಮಂಗಳೂರಿಗೆ ಕಳಿಸಿಬಿಡುತ್ತಾರೆ! ಆದ್ದರಿಂದ ಸದ್ಯಕ್ಕೆ ಬಳ್ಳಿ ಬೆಳೆಸುವ ಅಭ್ಯಾಸ ಮಾತ್ರ ಎಂದು ತೀರ್ಮಾನಿಸಿದೆ. ಕುವೈತಿನ ಬಿಸಿಲಿನಲ್ಲಿ ಬದುಕಿದ್ದು ಮಂಗಳೂರಿನಲ್ಲಿ ಸಾಯುತ್ತದೆಯೇ?

ಮೂರು ವಾರ ತಳಿಗಳನ್ನು ಪರಿಶೀಲಿಸಿದೆ. ಸಾಜ್ ಒಳ್ಳೆಯ ಮನೆತನದ್ದು, ಆದರೆ ನಾಜೂಕು. ಫಗಲ್ ಗಂಭೀರ ಸ್ವಭಾವದ್ದು, ಆದರೆ ಚಳಿಯ ದೇಶ ಬಿಟ್ಟು ಬರುವುದಿಲ್ಲ. ಕ್ಯಾಸ್ಕೇಡ್ ಗಟ್ಟಿಮುಟ್ಟು, ಹೂವಿಗೆ ಕಿತ್ತಳೆಯಂಥ ಪರಿಮಳ, ಹೊಂದಿಕೊಂಡು ಹೋಗುವ ಗುಣ. ಮದುವೆಗೆ ಮುಂಚೆ ನನ್ನ ಹೆಂಡತಿ ಲವೀನಾಳನ್ನು ನೋಡಲು ಹೋದಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ! ಆನ್‌ಲೈನಿನಲ್ಲಿ ಹನ್ನೆರಡು ಕ್ಯಾಸ್ಕೇಡ್ ಬೀಜ ತರಿಸಿ, ಪ್ಯಾಕೆಟ್ಟಿನ ಮೇಲೆ ಬರೆದಂತೆ ಒಂದು ತಿಂಗಳು ಫ್ರಿಜ್ಜಿನಲ್ಲಿ ಬಂಗುಡೆ ಮೀನಿನ ಪಕ್ಕ ಇಟ್ಟೆ. ಮೊಳೆತದ್ದು ಒಂದೇ ಒಂದು. ಬೀಜ ಮಾರಿದವನ ಮೇಲೆ ನನಗೆ ಅಂದೇ ಸಿಟ್ಟು ಬಂತು.

"ಎಂತ ಬೇಕಾದ್ರೂ ಬೆಳೆಸಿ. ನನ್ನ ಬಸಳೆಗೆ ಮಾತ್ರ ಕೈ ಹಾಕ್ಬೇಡಿ, ಆಯ್ತಾ?" ಎಂದಳು ಲವೀನಾ.

ಬಸಳೆಯ ವಿಷಯ ಹೇಳಬೇಕು. ಎಂಟು ವರ್ಷದ ಹಿಂದೆ ಅವಳ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟ ದಂಟು ಅದು. ಅಮ್ಮ ಈಗ ಇಲ್ಲ. ದಂಟು ಮಾತ್ರ ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನ ಬಾಲ್ಕನಿಯ ಒಂದೇ ಒಂದು ನೆರಳಿನ ಮೂಲೆಯಲ್ಲಿ, ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಕುಡಿದು ಕಿಟಕಿ ತುಂಬಾ ಹಬ್ಬಿತ್ತು. ಜೂನ್‌ನಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಹೊರಟಾಗ, ಏರ್‌ಪೋರ್ಟಿನಲ್ಲೂ ಲವೀನಾ ಹೇಳಿದ್ದು ಅದನ್ನೇ.

"ಬಸಳೆ ನೋಡ್ಕೊಳ್ಳಿ. ಅಮ್ಮನದ್ದು ಅಂತ ನನ್ನ ಹತ್ರ ಇರುವುದು ಅದೊಂದೇ."

ಜುಲೈ ಬಂತು. ಇಲ್ಲಿಯ ಸೂರ್ಯನಿಗೆ ಮಾನ ಮರ್ಯಾದೆ ಏನಾದರೂ ಇದೆಯೇ? ನನ್ನ ಹಾಪ್ಸ್ ಬೆಳಿಗ್ಗೆ ತಲೆ ಎತ್ತಿದರೆ ಹತ್ತು ಗಂಟೆಗೆ ಬಾಡುತ್ತಿತ್ತು. ಎರಡೇ ದಿನಕ್ಕೆಂದು ಅದನ್ನು ನೆರಳಿನ ಮೂಲೆಗೆ ತಂದು, ಬಸಳೆಯನ್ನು ಆಚೆ ಸರಿಸಿ, ಎಸಿ ಪೈಪನ್ನೂ ಹಾಪ್ಸಿನ ಕುಂಡಕ್ಕೆ ತಿರುಗಿಸಿದೆ. ಅದೇ ವಾರ ಕಂಪೆನಿಯಲ್ಲಿ ಯಂತ್ರಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ಕೆಲಸ ಬಂತು. ಫೋರ್‌ಮನ್ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಾ ಐದು ದಿನ ನಮ್ಮನ್ನು ಅಲ್ಲೇ ಉಳಿಸಿಕೊಂಡ. ವಾಪಸ್ ಬಂದಾಗ ಹಾಪ್ಸ್ ಹಸಿರಾಗಿತ್ತು. ಬಸಳೆ ಕಟ್ಟಿಗೆಯಾಗಿತ್ತು!

ಅಷ್ಟರಲ್ಲಿ ಲವೀನಾಳ ವಿಡಿಯೋ ಕಾಲ್. "ಬಸಳೆ ತೋರಿಸಿ."

"ಐದು ನಿಮಿಷ" ಎಂದವನೇ ಎದ್ದೆನೋ ಬಿದ್ದೆನೋ ಎಂದು ಮೇಲೆ ಏಳನೇ ಮಾಳಿಗೆಯ ಹಮೀದ್ ಭಾಯಿಯ ಮನೆಗೆ ಓಡಿದೆ. ಹಮೀದ್ ಭಾಯಿ ಉಪ್ಪಿನಂಗಡಿ ಕಡೆಯ ಬ್ಯಾರಿ, ಸಾಲ್ಮಿಯಾದಲ್ಲಿ ಅಂಗಡಿ. ಹಿಂದೊಮ್ಮೆ ಲವೀನಾಳೇ ಅವರಿಗೆ ಬಸಳೆಯ ತುಂಡು ಕೊಟ್ಟಿದ್ದಳು. ಅವರ ಬಾಲ್ಕನಿಯಲ್ಲಿ ಅದು ಮದುಮಗಳ ಹಾಗೆ ನಿಂತಿತ್ತು. ಲವೀನಾಳಿಗೆ ಕಾಲ್ ಮಾಡಿ ಫೋನನ್ನು ಅದರ ಮುಂದೆ ಹಿಡಿದೆ.

"ಚಂದ ಉಂಟು. ಆದ್ರೆ ಹಿಂದೆ ಆಕಾಶ ಕಾಣ್ತದಲ್ಲ? ನಮ್ಮ ಬಾಲ್ಕನಿಯ ಎದುರು ಬಿಲ್ಡಿಂಗ್ ಅಲ್ವಾ?"

"ಅದನ್ನು ಕೆಡವಿದ್ರು" ಎಂದೆ.

ಬಾಯಿ ನನ್ನದೇ. ಯಾರ ಮೇಲೆ ಸಿಟ್ಟು ಮಾಡಲಿ? ಪಕ್ಕದಲ್ಲಿದ್ದ ಹಮೀದ್ ಭಾಯಿ ಬಗ್ಗಿ ತಮ್ಮ ಬಾಲ್ಕನಿಯಿಂದ ಆ ಬಿಲ್ಡಿಂಗಿನ ಟೆರೇಸ್ ನೋಡಿದರು. ಅದು ಇತ್ತು. ಆಮೇಲೆ ಕೆಳಗೆ ನಮ್ಮ ಮನೆಗೆ ಬಂದು ನನ್ನ ಹಾಪ್ಸನ್ನು ದಿಟ್ಟಿಸಿ, "ಇದು ಎಂತ ಗಿಡ?" ಎಂದರು.

"ನಿದ್ದೆ ಬರುವ ಔಷಧದ್ದು, ಭಾಯಿ."

ಅವರು ಗಿಡಕ್ಕೆ ಫೋನ್ ಹಿಡಿದರು, ಓದಿದರು, ಜೇಬಿಗಿಟ್ಟರು. "ಹೌದು ಹೌದು. ಇದು ಕುಡಿದ್ರೆ ಎಲ್ಲಿ ಬೇಕಾದ್ರೂ ನಿದ್ದೆ ಬರ್ತದೆ!"

ಆಗಸ್ಟ್ ಕೊನೆಯಲ್ಲಿ ಲವೀನಾ ಬಂದಳು. ಬ್ಯಾಗ್ ಇಳಿಸದೆ ನೇರ ಬಾಲ್ಕನಿಗೆ ಹೋದಳು. ಎದುರಿನ ಬಿಲ್ಡಿಂಗನ್ನು ನೋಡಿದಳು. "ಇಷ್ಟು ಬೇಗ ಪುನಃ ಕಟ್ಟಿದ್ರಾ?" ಎಂದಳು. ಆಮೇಲೆ ಒಣಗಿದ ದಂಟನ್ನು ಕೈಗೆತ್ತಿಕೊಂಡಳು. ಬಯ್ದಿದ್ದರೆ ನಾನೂ ಬಯ್ಯಬಹುದಿತ್ತು. ಅವಳು ಅದಕ್ಕೂ ಅವಕಾಶ ಕೊಡಲಿಲ್ಲ. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ನಾಚಿಕೆ ಮುಚ್ಚಲು ಹಾಪ್ಸ್ ತೋರಿಸಿದೆ. "ನೋಡು, ಹೂ ಬಿಟ್ಟಿದೆ!"

ಪ್ಲಸ್ ಟೂ ಬಯಾಲಜಿಯ ಮಗಳು ಬಗ್ಗಿ ನೋಡಿದಳು. "ಡ್ಯಾಡ್, ದಿಸ್ ಈಸ್ ಎ ಮೇಲ್ ಪ್ಲಾಂಟ್. ನೋ ಬಿಯರ್. ಓನ್ಲಿ ಪೋಲನ್."

ಬಿಯರಿಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹೂವಂತೆ! ಬೀಜದಿಂದ ಹುಟ್ಟಿದ್ದು ಹೆಣ್ಣೋ ಗಂಡೋ ಹೂ ಬಿಡುವ ತನಕ ಯಾರಿಗೂ ಗೊತ್ತಾಗುವುದಿಲ್ಲವಂತೆ, ಬೀಜದಿಂದ ಕ್ಯಾಸ್ಕೇಡ್ ಕ್ಯಾಸ್ಕೇಡಾಗಿಯೂ ಹುಟ್ಟುವುದಿಲ್ಲವಂತೆ! ಮನೆತನ, ಗುಣ, ಪರಿಮಳ ಎಲ್ಲ ವಿಚಾರಿಸಿದ್ದ ಈ ಸ್ಟೋರ್‌ಕೀಪರ್ ಹುಡುಗಿಯೋ ಹುಡುಗನೋ ಎಂದು ಕೇಳಿರಲಿಲ್ಲ.

ಲವೀನಾ ಆಗ ಬಾಯಿ ಬಿಟ್ಟಳು. "ಎಸಿ ಹತ್ರ ಕೂತು ನೀರು ಕುಡಿಯುವ ಗಂಡು ಮನೆಯಲ್ಲಿ ಒಂದು ಇತ್ತಲ್ಲ. ಇನ್ನೊಂದು ಎಂತಕ್ಕೆ?"

ಸಿಟ್ಟಿನಲ್ಲಿ ಹಾಪ್ಸನ್ನು ನಾನೇ ಬೇರು ಸಮೇತ ಕಿತ್ತೆ. ಸಂಜೆ ಹಮೀದ್ ಭಾಯಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆಯ ದಂಟು ತಂದು, "ತಗೊಳ್ಳಿ ಬಾಯಮ್ಮ, ನಿಮ್ಮ ಅಮ್ಮನದ್ದೇ" ಎಂದು ಲವೀನಾಳ ಕೈಗಿಟ್ಟರು. ಅವಳು ಆಗ ಅತ್ತಳು. ಹಾಪ್ಸಿನ ಕುಂಡದಲ್ಲೇ ಅದನ್ನು ನೆಟ್ಟು, ಪೈಪಿನ ನೀರು ಬುಡಕ್ಕೇ ಬೀಳುವಂತೆ ನೋಡಿ, ನನ್ನ ಕಡೆ ತಿರುಗಿ, "ನೀವು ಇದರ ಹತ್ರ ಬರುವುದೇ ಬೇಡ" ಎಂದಳು.

ಹಾಪ್ಸಿಗೆಂದು ನಾನು ಕಟ್ಟಿದ ಹಗ್ಗದ ಮೇಲೆ ಈಗ ಬಸಳೆ ಏರಿದೆ. ಮೊನ್ನೆ ಮೊದಲ ಸಲ ಸಿಗಡಿ ಹಾಕಿ ಸಾರು ಮಾಡಿದಳು. ಮೊದಲ ಪಾತ್ರೆ ಏಳನೇ ಮಾಳಿಗೆಗೆ ಹೋಯಿತು. ಸಿಗಡಿ ಮಗಳಿಗೆ ಹೋಯಿತು. ನನ್ನ ತಟ್ಟೆಗೆ ಒಂದು ದಂಟು ಬಂತು, ಅದನ್ನೇ ಚೀಪಿದೆ.

ಕುಡಿಯಲು? ಒಂದು ಲೋಟ ನೀರು!