ಪಟ್ಟಿಯಿಂದ ಬಿದ್ದ ಪೈಪಿನ ಕಂಪನಿ

ಷೇರು ಪೇಟೆಯಲ್ಲಿ ಮನುಷ್ಯ ಕೆಡುವುದು ದುಡ್ಡಿನಿಂದ ಎಂದು ಹೇಳುವವರು ಅದನ್ನು ದೂರದಿಂದ ನೋಡಿದವರು. ದುಡ್ಡು ಹೋದರೆ ಒಂದೆರಡು ದಿನ ಊಟ ಸೇರುವುದಿಲ್ಲ, ಆಮೇಲೆ ಸೇರುತ್ತದೆ. ಆದರೆ ಹೆಸರು ಪಟ್ಟಿಯಿಂದ ಹೋದರೆ, ಅಥವಾ ಇದ್ದ ಜಾಗದಿಂದ ಒಂದು ಗೇಣು ಕೆಳಗಿಳಿದರೆ, ಮನುಷ್ಯ ಸಾಯುವತನಕ ಮರೆಯುವುದಿಲ್ಲ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಗೋಕಾಕದಲ್ಲಿ ನನ್ನದೊಂದು ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಅಂಗಡಿಯಿದೆ. ಹುಟ್ಟುಹಬ್ಬದ ಬ್ಯಾನರಿನಲ್ಲಿ ನಡುವೆ ಮುಖಂಡರ ದೊಡ್ಡ ಮುಖ, ಕೆಳಗೆ ಶುಭ ಕೋರುವವರ ಸಣ್ಣ ಮುಖಗಳ ಸಾಲು. ಈ ಸಾಲಿನ ಜಗಳ ಬಿಡಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಒಮ್ಮೆ ಒಬ್ಬ ತರುಣ ಅಳತೆಗೋಲು ಹಿಡಿದು ಅಳೆದು ನೋಡಿ, "ನನ್ನ ಮಾರಿ ಅವನ ಮಾರಿಗಿಂತ ಸಣ್ಣದ ಯಾಕ ಐತ್ರಿ?" ಎಂದ. "ಫೋಟೋನ ಹಂಗ ಬಂದೈತಪಾ" ಎಂದೆ. "ಹಂಗಾದ್ರ ನಂದ ಇರಲಿ, ಅವಂದ ಸಣ್ಣದ ಮಾಡ್ರಿ" ಎಂದ. ಇಂಥವರ ನಡುವೆ ಬಾಳುವವನು ಇನ್ನೊಂದು ಪಟ್ಟಿಯನ್ನು ತಾನಾಗಿ ಮೈಮೇಲೆ ಎಳೆದುಕೊಳ್ಳಬಾರದಿತ್ತು. ಎಳೆದುಕೊಂಡೆ.

ನನ್ನ ಮೇಜಿನ ಮೇಲೆ ಎರಡು ಪರದೆಗಳಿವೆ. ಒಂದರಲ್ಲಿ ಬ್ಯಾನರಿನ ಮುಖಗಳು, ಇನ್ನೊಂದರಲ್ಲಿ ಷೇರು ವ್ಯಾಪಾರದ ಸಾಫ್ಟ್‌ವೇರ್. ವ್ಯಾಪಾರ ಎಂದರೆ ದೊಡ್ಡದೇನಲ್ಲ. ಕೊಳ್ಳುವುದು ಕಡಿಮೆ, ಕಣ್ಣು ಹಾಯಿಸುವುದೇ ಹೆಚ್ಚು. ಹಾಗೆ ಕಣ್ಣು ಹಾಯಿಸಲೆಂದೇ ಅದರಲ್ಲಿ ವಾಚ್‌ಲಿಸ್ಟ್ ಎಂಬ ಪಟ್ಟಿಯಿದೆ. ಬೇಕಾದ ಕಂಪನಿಯ ಗುರುತಿನ ಅಕ್ಷರಗಳನ್ನು ಅದರಲ್ಲಿ ಸೇರಿಸಿಟ್ಟರೆ ದರ ಏರಿದಾಗ ಹಸಿರು, ಇಳಿದಾಗ ಕೆಂಪು ಕಾಣುತ್ತದೆ. ಕೇಳಲು ಎಷ್ಟು ಸರಳ! ಆದರೆ ಆ ಗುರುತುಗಳನ್ನು ಇಟ್ಟ ಪುಣ್ಯಾತ್ಮ ಯಾರು? ಕಂಪನಿಯ ಹೆಸರಿನ ಒಳಗಿನ ಅಕ್ಷರಗಳನ್ನೆಲ್ಲ ಹಲ್ಲು ಕಿತ್ತಂತೆ ಕಿತ್ತು ಬಾಯಿ ಬೊಚ್ಚು ಮಾಡಿ ಇಟ್ಟಿದ್ದಾರೆ. ಒಂದು ಕಂಪನಿ ಒಡೆದು ಎರಡಾದರೆ ಮನೆ ಬೇರೆಯಾದ ಅಣ್ಣತಮ್ಮಂದಿರ ಹಾಗೆ ಇಬ್ಬರಿಗೂ ಬೇರೆ ಬೇರೆ ಜಾಗ ಕೊಡಬೇಕು. ಸಾಫ್ಟ್‌ವೇರಿನವರು ಹೊಸದೇನೋ ಸುಧಾರಣೆ ಮಾಡಿದೆವೆಂದು ಹೇಳಿದ ಮರುದಿನ ನಾನು ಕಷ್ಟಪಟ್ಟು ಕಟ್ಟಿದ ಸಾಲೆಲ್ಲ ಕಲಸಿ ಕುಳಿತಿರುತ್ತದೆ. ಎಲ್ಲಕ್ಕಿಂತ ಮಿಗಿಲಾದ ಅನ್ಯಾಯವೆಂದರೆ ಒಂದು ಪಟ್ಟಿಗೆ ಐವತ್ತೇ ಹೆಸರು. ಐವತ್ತೇ ಏಕೆ? ನಾನು ಸಹಾಯವಾಣಿಗೆ ಫೋನ್ ಮಾಡಿ ಜಗಳ ತೆಗೆದೆ. ಆ ಕಡೆಯ ಹುಡುಗಿ, "ಇನ್ನೊಂದು ಲಿಸ್ಟ್ ಮಾಡ್ಕೊಳ್ಳಿ ಸರ್, ಅದರಲ್ಲೇನಿದೆ?" ಎಂದಳು. ಅದರಲ್ಲೇನಿದೆಯಂತೆ! ಬೀಗರನ್ನು ಎರಡನೇ ಪಂಕ್ತಿಗೆ ಕೂರಿಸಿ ಏನಾಗುತ್ತದೆ ಎಂದು ಆಕೆ ನೋಡಿಲ್ಲ.

ಏಕೆಂದರೆ ನನ್ನ ಪಟ್ಟಿಯಲ್ಲಿರುವುದು ಬರಿಯ ಕಂಪನಿಗಳಲ್ಲ, ಬೇಕಾದವರು. ಬ್ಯಾನರ್ ಮುದ್ರಣವಾಗಿ ಹೊರಬರುವತನಕ ಗಿರಾಕಿಗಳಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ. ಚಹಾ ಕುಡಿಯುತ್ತಾರೆ, ಪರದೆ ನೋಡುತ್ತಾರೆ, "ನಂದೊಂದ ಹೇಳ್ತೇನಿ, ಹಾಕ್ಕೊಳ್ರಿ" ಎನ್ನುತ್ತಾರೆ. ಹಾಕಿಕೊಂಡೆನೋ, ಅಲ್ಲಿಂದ ಮುಂದೆ ಅದು ಅವರ ಮನೆಯ ಮಗು. ಹುಕ್ಕೇರಿಯಲ್ಲಿ ಮಳೆಗೆ ಹೊದಿಸುವ ತಾಡಪತ್ರಿ ಮಾರುವ ದಸ್ತಗೀರಸಾಬರು ಒಂದು ಬಣ್ಣದ ಕಂಪನಿ ಹೇಳಿದರು. ಅದರ ಒಂದು ಷೇರೂ ಅವರ ಬಳಿ ಇಲ್ಲ, ನನ್ನ ಬಳಿಯೂ ಇಲ್ಲ. ಆದರೂ ಬಂದಾಗಲೆಲ್ಲ ಕನ್ನಡಕ ಏರಿಸಿ, "ನಮ್ದು ಇವತ್ತ ಕೆಂಪ ಆಗೇತಲ್ರಿ" ಎಂದು ಮಗುವಿಗೆ ಜ್ವರ ಬಂದವರಂತೆ ಮರುಗುತ್ತಾರೆ. ಒಂದು ಸಲ ಸಾಫ್ಟ್‌ವೇರಿನ ಸುಧಾರಣೆಯಲ್ಲಿ ಅವರ ಕಂಪನಿ ಮೂರನೆಯ ಜಾಗದಿಂದ ಇಪ್ಪತ್ತಕ್ಕೆ ಜಾರಿತು. ಚಹಾ ತರಿಸಿದರೆ ಲೋಟ ಬಾಜೂ ಸರಿಸಿ, "ಬ್ಯಾಡ್ರಿ, ಇಪ್ಪತ್ತನೇದಾಗ ಕುಂತಾವ್ರಿಗೆ ಎಂಥಾ ಚಾ?" ಎಂದರು. ನಾನು ಅವರೆದುರಿಗೇ ಕಂಪನಿಯನ್ನು ಎಳೆದೆಳೆದು ಮತ್ತೆ ಮೂರಕ್ಕೆ ತಂದೆ. ಆಮೇಲೆ ಚಹಾ ಕುಡಿದರು. ಆರಿಹೋಗಿದೆ ಎಂದು ಇನ್ನೊಂದು ತರಿಸಿಕೊಂಡು ಕುಡಿದರು.

ಇನ್ನು ನನ್ನ ಹೆಂಡತಿ ಶಾಂತಾಳ ಅಣ್ಣ, ಮೂಡಲಗಿಯ ಸಿದ್ಲಿಂಗಣ್ಣ. ಅಲ್ಲಿ ಅವರದು ನೀರಾವರಿ ಪೈಪುಗಳ ಅಂಗಡಿ. ತಾವು ಮಾರುವ ಪೈಪಿನ ಕಂಪನಿಯನ್ನೇ ಅವರು ನನ್ನ ಪಟ್ಟಿಗೆ ಹಾಕಿಸಿದರು. "ಟ್ರ್ಯಾಕ್ಟರ್ ಮ್ಯಾಲ ಹ್ವಾದ್ರೂ ಇದರ ಪೈಪ ಒಡಿಯೂದುಲ್ಲ. ಪೈಪ ಒಡೀಲಿಲ್ಲಂದ್ರ ಶೇರ ಹೆಂಗ ಒಡೀತೈತ್ರಿ?" ಎಂಬುದು ಅವರ ತರ್ಕ. ಖರೆ, ಷೇರು ಒಡೆಯಲಿಲ್ಲ. ಏರಲೂ ಇಲ್ಲ, ಇಳಿಯಲೂ ಇಲ್ಲ, ಹೊಲದಲ್ಲಿ ಹೂತ ಪೈಪಿನಂತೆ ಮಲಗಿಬಿಟ್ಟಿತು. ಈಚೆಗೆ ನನ್ನ ಮುದ್ರಣ ಯಂತ್ರಕ್ಕೆ ಶಾಯಿ ತಯಾರಿಸುವ ಕಂಪನಿಯೊಂದರ ಮೇಲೆ ನನಗೆ ಮನಸ್ಸಾಯಿತು. ಪಟ್ಟಿ ತುಂಬಿತ್ತು. ನನ್ನದೇ ಪರದೆ, ನನ್ನದೇ ವಿದ್ಯುತ್ತು, ನನಗೇ ಜಾಗವಿಲ್ಲ! ಸಿಟ್ಟಿನಲ್ಲಿ ಮೇಲಿಂದ ಕೆಳಗೆ ನೋಡಿ, ಮಲಗಿದ್ದ ಪೈಪಿನ ಕಂಪನಿಯನ್ನು ಅಳಿಸಿ ಶಾಯಿಯದನ್ನು ಹಾಕಿದೆ. ಒಂದು ಷೇರು ಕೊಳ್ಳಬೇಕಾದರೆ ಖಚಿತವೇ, ನಿಜವೇ, ಯೋಚಿಸಿದ್ದೀರಾ ಎಂದು ಜೀವ ತಿನ್ನುವ ಈ ಸಾಫ್ಟ್‌ವೇರ್, ಹೆಂಡತಿಯ ಅಣ್ಣನನ್ನು ತೆಗೆಯುವಾಗ ಒಂದು ಮಾತೂ ಕೇಳಲಿಲ್ಲ.

ಮರುದಿನವೇ ಸಿದ್ಲಿಂಗಣ್ಣ ಏನೋ ಕೆಲಸಕ್ಕೆ ಗೋಕಾಕಕ್ಕೆ ಬಂದವರು ಅಂಗಡಿಗೆ ಬಂದರು. ಕುಳಿತರು. ಪರದೆಯನ್ನು ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲೆ ಓದಿದರು. ನಾನು ಬ್ಯಾನರಿನ ಮುಖವೊಂದಕ್ಕೆ ಮೀಸೆ ತಿದ್ದುತ್ತಿದ್ದವನು ತಲೆಯೆತ್ತಲಿಲ್ಲ. ಪ್ರತಿಸಲ ಅವರು ಹೊರಡುವಾಗ ನಾನು ಕರದಂಟಿನ ಡಬ್ಬಿ ಕೊಡುತ್ತೇನೆ, ಅವರು ಬೇಡವೆನ್ನುತ್ತಲೇ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅಂದು ಖರೇನೇ ಬೇಡವೆಂದರು. "ಸಕ್ರಿ ಬಂದೈತ್ರಿ ನನಗ" ಎಂದು ಹೇಳಿ ಎದ್ದು ಹೋದರು. ಹಿಂದಿನ ವಾರ ನಮ್ಮನೆಯಲ್ಲಿ ಆರು ಹೋಳಿಗೆ ತಿಂದವರಿಗೆ ನನ್ನ ಅಂಗಡಿಯಲ್ಲಿ ಕುಳಿತಲ್ಲೇ ಸಕ್ಕರೆ ಕಾಯಿಲೆ ಬಂದಿತ್ತು.

ಇದು ಇಷ್ಟಕ್ಕೇ ನಿಂತಿದ್ದರೆ ನಾನೂ ಉಗುಳು ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ಕರೆದೊಯ್ಯದಿದ್ದರೆ ಹೆಣ್ಣುಮಗಳಿಗೆ ತವರೇ ಮುಚ್ಚಿಹೋದಂತೆ. ಮದುವೆಯಾದಾಗಿನಿಂದ ಸಿದ್ಲಿಂಗಣ್ಣ ಒಂದು ವರ್ಷವೂ ತಪ್ಪಿಸಿರಲಿಲ್ಲ. ಹಬ್ಬದ ಹಿಂದಿನ ದಿನ ಶಾಂತಾ ಬೆಳಿಗ್ಗೆಯೇ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು. ಮಧ್ಯಾಹ್ನವಾಯಿತು, ಕಾರಿಲ್ಲ, ಫೋನಿಲ್ಲ. ಸಂಜೆ ಅವಳು ಚೀಲದಿಂದ ಸೀರೆಗಳನ್ನು ಒಂದೊಂದೇ ತೆಗೆದು ಕಪಾಟಿಗೆ ಇಡತೊಡಗಿದಳು. "ನೀವು ಅಣ್ಣಗ ಏನಂದ್ರಿ?" ಎಂದಳು. ಏನೂ ಅಂದಿಲ್ಲ ಎಂದೆ. "ಏನೂ ಅನ್ನಲಾರದ ನಮ್ಮಣ್ಣ ಪಂಚಮಿ ಬಿಡಾಂವಲ್ಲ" ಎಂದಳು. ಹೇಳಬೇಕಾಯಿತು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಎದೆ ಚುರುಕ್ಕೆಂದಿತು. ಅದರ ಬೆನ್ನಿಗೇ ಸಿಟ್ಟೂ ನೆತ್ತಿಗೇರಿತು. ಮೊಮ್ಮಕ್ಕಳನ್ನು ಕಂಡ ಮನುಷ್ಯ, ಪರದೆಯ ಮೇಲಿನ ನಾಲ್ಕು ಬೊಚ್ಚು ಅಕ್ಷರಗಳಿಗಾಗಿ ಒಡಹುಟ್ಟಿದ ತಂಗಿಯನ್ನು ಅಳಿಸುವುದೇ? ದೊಡ್ಡವರು ಎಂದರೆ ಇವರೇ ಏನು?

ಹಬ್ಬದ ದಿನ ನಾನು ಶಾಯಿಯ ಕಂಪನಿಯನ್ನು ತೆಗೆದು, ಪೈಪಿನ ಕಂಪನಿಯನ್ನು ಪಟ್ಟಿಯ ನೆತ್ತಿಯ ಮೇಲೆ ಕೂರಿಸಿ, ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು, ಶಾಂತಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮೂಡಲಗಿಗೆ ಹೋದೆ. ಸಿದ್ಲಿಂಗಣ್ಣ "ಬರ್ರಿ" ಎಂದರು, ಒಂದೇ ಬರ್ರಿ. ನಾನು ಫೋಟೋ ತೋರಿಸಿದೆ. ನೋಡಿದರು. ಬೆರಳಿನಿಂದ ಹಿಗ್ಗಿಸಿ ಮತ್ತೆ ನೋಡಿದರು. "ಒಂದನೇದಕ್ಕ ಯಾಕ ಹಾಕಾಕ ಹೋದ್ರಿ, ಎಲ್ಲೋ ಒಂದ ಕಡೆ ಇದ್ರ ನಡೀತಿತ್ತಲ್ರಿ" ಎಂದು ಹಲ್ಲೆಲ್ಲ ಕಾಣುವಂತೆ ನಕ್ಕರು. "ತಂಗೀ, ಒಳಗ ಬಾರವಾ" ಎಂದರು. ಶೇಂಗಾದ ಉಂಡಿ ಬಂತು, ಅಳ್ಳಿಟ್ಟು ಬಂತು, ಅಣ್ಣ ತಂಗಿಯ ನಗು ಅಡುಗೆಮನೆಯತನಕ ಹೋಗಿ ಬಂತು. ಮನೆ ಮತ್ತೆ ಮನೆಯಾಯಿತು. ಆ ಉಮೇದಿನಲ್ಲಿ ಸಿದ್ಲಿಂಗಣ್ಣ ತಮ್ಮ ಫೋನು ನನ್ನ ಕೈಗಿತ್ತು, "ನಮ್ಮ ಪಟ್ಟೀನೂ ಹೆಂಗೈತಿ ನೋಡ್ರಿ" ಎಂದರು.

ನೋಡಿದೆ. ಹಿಂದೊಮ್ಮೆ ನಾನು ಅವರಿಗೊಂದು ಸಕ್ಕರೆ ಕಂಪನಿ ಹೇಳಿದ್ದೆ. ಅದನ್ನು ಹುಡುಕುತ್ತ ಕೆಳಗೆ ಹೋದೆ, ಮೇಲೆ ಬಂದೆ, ಮತ್ತೆ ಕೆಳಗೆ ಹೋದೆ. "ನಮ್ದು ಎಲ್ಲೈತ್ರಿ?" ಎಂದೆ. "ಅದಾ? ಅದನ್ನ ಹ್ವಾದ ವರ್ಷನ ತೆಗದೇನ್ರಿ. ಜಾಗಾ ಇರಲಿಲ್ಲ" ಎಂದು ಅವರು ಉಂಡಿ ಅಗಿಯುತ್ತಲೇ ಹೇಳಿದರು. ಹೋದ ವರ್ಷ! ಒಂದು ವರ್ಷದಿಂದ ಈ ಮನುಷ್ಯ ನನ್ನನ್ನು ಅಳಿಸಿಟ್ಟುಕೊಂಡು ನನ್ನದೇ ಕರದಂಟು ತಿನ್ನುತ್ತಿದ್ದರು! ಆ ಕಂಪನಿಯ ಒಂದು ಷೇರೂ ನನ್ನ ಬಳಿ ಇಲ್ಲ, ಅದರ ಕಾರ್ಖಾನೆ ಯಾವ ರಾಜ್ಯದಲ್ಲಿದೆ ಎಂಬುದೂ ಗೊತ್ತಿಲ್ಲ. ಆದರೂ ಕಿವಿ ಬಿಸಿಯಾಯಿತು. ಅರ್ಧ ಕಚ್ಚಿದ ಉಂಡಿಯನ್ನು ತಟ್ಟೆಯಲ್ಲಿಟ್ಟೆ. ಸಕ್ಕರೆ ಕಾಯಿಲೆಯ ನೆಪವನ್ನು ಅವರು ಮೊದಲೇ ಬಳಸಿಬಿಟ್ಟಿದ್ದರಿಂದ, "ಅಂಗಡಿ ತೆರದ ಬಿಟ್ಟ ಬಂದೇನ್ರಿ" ಎಂದು ಸುಳ್ಳು ಹೇಳಿ, ಶಾಂತಾಳನ್ನು ಅಲ್ಲೇ ಬಿಟ್ಟು, ಒಬ್ಬನೇ ಗೋಕಾಕಕ್ಕೆ ಬಂದೆ. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಬೈದುಕೊಂಡೆ. ಬಂದವನೇ ಅಂಗಡಿ ತೆರೆದು ಪೈಪಿನ ಕಂಪನಿಯನ್ನು ಇನ್ನೊಮ್ಮೆ ಅಳಿಸಿದೆ.

ಸಂಜೆ ಶಾಂತಾಳ ಫೋನ್ ಬಂತು. "ಏನ್ರಿ, ಅಣ್ಣ ಭಾಳ ಮನಸಿಗೆ ಹಚ್ಚಿಕೊಂಡಾನ. ನಿಮ್ಮ ಸಕ್ರಿ ಕಂಪನೀನ ಮತ್ತ ಹಾಕ್ಯಾನ್ರಿ. ಮ್ಯಾಲ ಹಾಕ್ಯಾನ" ಎಂದಳು. ಇಂಥ ಮಾತಿಗೆ ದೊಡ್ಡ ಮನುಷ್ಯನಾದವನು ಇದೆಲ್ಲ ಯಾಕೆ ಬೇಕಿತ್ತು, ಅಣ್ಣನಿಗೆ ನನ್ನ ನಮಸ್ಕಾರ ಹೇಳು ಎನ್ನಬೇಕು. ನಾನು, "ಮ್ಯಾಲ ಅಂದ್ರ ಎಷ್ಟನೇದು?" ಎಂದು ಕೇಳಿದೆ.

"ಎರಡನೇದ್ರೀ."

"ಒಂದನೇದು ಯಾರದು?"

"ನಂದು" ಎಂದಳು ಶಾಂತಾ. "ನೀವು ಹ್ವಾದಮ್ಯಾಲ ಅಣ್ಣ, ನೀನೂ ಒಂದ ಹೇಳವಾ ಅಂದ. ಹೇಳಿದೆ. ಹಾಕಿದ. ಹುಕ್ಕೇರಿಯಿಂದ ಬಂದಾವ್ರನ್ನೆಲ್ಲಾ ಕೇಳಿ ಕೇಳಿ ಹಾಕ್ಕೊಂಡ್ರಿ, ಮನ್ಯಾಗಿದ್ದಾಕೀನ ಒಂದ ದಿನಾರ ಕೇಳೀರೇನು?"

ಅಷ್ಟು ಹೊತ್ತೂ ಯಾರ ಮೇಲೆ ಸಿಟ್ಟು ಮಾಡಲಿ ಎಂದು ಹುಡುಕುತ್ತಿದ್ದ ನನಗೆ ಈಗ ಸಿಟ್ಟು ಮಾಡಲು ಅಂಗಡಿಯಲ್ಲಿ ನಾನೊಬ್ಬನೇ ಉಳಿದಿದ್ದೆ. ಮೊದಲು ಗಪ್ಪನೆ ಪೈಪಿನ ಕಂಪನಿಯನ್ನು ಮತ್ತೆ ಸೇರಿಸಿದೆ. ಆಮೇಲೆ, "ನಿಂದು ಯಾವ ಕಂಪನಿ, ಹೇಳು" ಎಂದು ಆದಷ್ಟು ಮೆತ್ತಗಿನ ದನಿಯಲ್ಲಿ ಕೇಳಿದೆ. ಶಾಂತಾ ಹೇಳಲಿಲ್ಲ. ಮೂಡಲಗಿಯಿಂದ ಬಂದ ಮೇಲೂ ಹೇಳಿಲ್ಲ. ಕೇಳಿದಾಗಲೆಲ್ಲ, "ನಿಮ್ಮಲ್ಲಿ ಜಾಗಾ ಐತೇನು, ಮೊದಲ ಅದನ್ನ ನೋಡ್ಕೋರಿ" ಎನ್ನುತ್ತಾಳೆ.