ಬೆಕ್ಕಿನ ಮರಿಯ ಕುಲಗೋತ್ರ

ತಿಮ್ಮರಾಜು ಎಸೆದ ಲಾಳಿಯನ್ನು ಆಟದ ಸಾಮಾನೆಂದು ತಿಳಿದು ಬೆಕ್ಕಿನ ಮರಿ ಮಗ್ಗದ ಮೇಲೆ ಹಾರಿದ್ದೇ ತಡ, ಹಾಸಿನ ರೇಷ್ಮೆ ಎಳೆಗಳು ಪಟಪಟನೆ ಹರಿದವು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಅವನು 'ಅಯ್ಯೋ' ಅನ್ನುವಷ್ಟರಲ್ಲಿ ಹೆಂಡತಿ ಗಂಗಲಕ್ಷ್ಮಮ್ಮ ಅಡುಗೆಮನೆಯಿಂದ ಬಂದು ನಿಂತಳು.

"ಎಲ್ಲಿಂದಲೋ ಬಂದ ಮರೀಗೆ ಆಲು ಉಯ್ದು ಮೆರೆಸಿದ್ರಲ್ಲ, ನೋಡಿ ಈಗ! ಸಾಯಂಕಾಲದೊಳಗೆ ಇದು ಮನೆ ಬಿಡಬೇಕು. ಇಲ್ಲಾಂದ್ರೆ ನಾನು ಧರ್ಮಪುರಿ ಬಸ್ ಅತ್ತೀನಿ, ನಮ್ಮಣ್ಣನ ಮನೇಗೆ."

ಸೇಲಂನ ಆ ಆಟೋ, ಲಾರಿಗಳ ನಡುವೆ ಅಂಗೈಯಷ್ಟು ಜೀವವನ್ನು ಬಿಟ್ಟುಬರಲು ತಿಮ್ಮರಾಜುವಿಗೆ ಮನಸ್ಸಾಗಲಿಲ್ಲ. ಹೆತ್ತವರನ್ನು ಹುಡುಕಿ ಮರ್ಯಾದೆಯಾಗಿ ಒಪ್ಪಿಸೋಣವೆಂದು ಮರಿಯನ್ನು ಹೆಗಲಿಗೇರಿಸಿಕೊಂಡು ಜಗಲಿಗೆ ಬಂದ.

ಅಲ್ಲಿ ಆಗಲೇ ಸಭೆ ಸೇರಿತ್ತು. ರಿಟೈರಾದ ಬಸ್ ಕಂಡಕ್ಟರ್ ಅಣ್ಣಾಮಲೈ ಮರಿಯ ಮೈಮೇಲಿನ ಬೂದು ಪಟ್ಟೆಗಳನ್ನು ಸವರಿ ತೀರ್ಪು ಕೊಟ್ಟ: "ಇದು ಕಾಡುಬೆಕ್ಕಿನ ಬೀಜ ಕಣ್ಲಾ ತಿಮ್ಮ. ಪೆನ್ನಾಗರಂ ಕಾಡ್ ಕಡೆಯಿಂದ ಉಣಸೆಅಣ್ಣಿನ ಲಾರೀಲಿ ಬಂದೈತೆ. ಬೆಳೆದ್ರೆ ನಿನ್ನನ್ನೇ ಮುಕ್ಕುತ್ತೆ."

ಅಷ್ಟರಲ್ಲಿ ಗೋಡೆಯ ಮೇಲೊಂದು ಹಲ್ಲಿ ಕಾಣಿಸಿತು. ಕಾಡಿನ ಕುಡಿ ಕಿರುಚಿಕೊಂಡು ತಿಮ್ಮರಾಜುವಿನ ಅಂಗಿಯೊಳಗೆ ನುಗ್ಗಿತು.

"ತಾಳಣ್ಣ, ಜಾತಿ ಏಳೋ ಆಪ್ ಐತೆ" ಎಂದು ಎದುರುಮನೆಯ ಕಲೈವಾಣಿ ಫೋಟೋ ತೆಗೆದಳು. ಆಪ್ ಬಹಳ ಯೋಚಿಸಿ 'ಮೊಲ' ಎಂದಿತು.

"ರೂಪ ಬಿಡಿ, ಗುಣ ನೋಡಿ!" ಎಂದ ತಿಮ್ಮರಾಜು. "ನೆಲದ ಮೇಲೆ ತಟ್ಟೆ ಇಟ್ರೆ ಮುಟ್ಟಲ್ಲ, ಮಣೆ ಮೇಲೆ ಇಡಬೇಕು. ಇಲಿ ಬಂದ್ರೆ ಇಡಿಯೋಕೆ ನನ್ನ ಕರೀತೈತೆ. ಕರೆಂಟ್ ಓಗಿ ಫ್ಯಾನ್ ನಿಂತ್ರೆ ನನ್ನ ಬೈಯ್ತೈತೆ. ಇಷ್ಟು ದೌಲತ್ತು ನಮ್ ಬೀದೀಲಿ ಯಾರಿಗೈತೆ? ಇದು ಮೊದಲಾಳಿ ಮನೆ ಮರಿ!"

ಮೊದಲಾಳಿಯೆಂದರೆ ತಿಮ್ಮರಾಜುವಿಗೆ ನೇಯುವ ಕೆಲಸ ಕೊಡುವ ಧಣಿ, ಪಕ್ಕದ ಬೀದಿಯ ಸೀರೆ ಅಂಗಡಿಯ ವಿಶ್ವನಾಥನ್. ಅವರ ಎಸಿ ಹಾಲ್‌ನ ಸೋಫಾದ ಮೇಲೆ ಯುವರಾಣಿ ಎಂಬ ಬಿಳಿ ಪರ್ಷಿಯನ್ ಬೆಕ್ಕು ಬಿಚ್ಚಿದ ಹತ್ತಿಮೂಟೆಯಂತೆ ಬಿದ್ದಿರುತ್ತಿತ್ತು. ಇಡೀ ಬೀದಿ ಅಲ್ಲಿಗೆ ಮೆರವಣಿಗೆ ಹೊರಟಿತು.

"ಏನಯ್ಯಾ ಇದು!" ವಿಶ್ವನಾಥನ್ ಕೆಂಡವಾದರು. "ಯುವರಾಣಿ ಸೋಫಾ ಬಿಟ್ಟು ಇಳಿಯೋಳೇ ಅಲ್ಲ. ಸತ್ಯಮಾ ಏಳ್ತೀನಿ, ಇದು ಯಾವುದೋ ಬೀದಿಬೆಕ್ಕಿನ ಮರಿ."

"ಮೂಗು ನೋಡಿ ಮೊದಲಾಳಿ!" ತಿಮ್ಮರಾಜು ಮರಿಯನ್ನು ಸೋಫಾದ ಮೇಲಿಟ್ಟ. ಯುವರಾಣಿಯ ಮೂಗೂ ಮರಿಯ ಮೂಗೂ ಬಾಗಿಲಿಗೆ ಗುದ್ದಿಕೊಂಡಂತೆ ಚಪ್ಪಟೆಯಾಗಿದ್ದವು.

"ಚಪ್ಪಟೆ ಮೂಗು ಎಲ್ರಿಗೂ ಇರ್ತೈತೆ. ನಂದೂ ಚಪ್ಪಟೇನೇ."

ಎಲ್ಲರೂ ವಿಶ್ವನಾಥನ್‌ರ ಮೂಗನ್ನೇ ಬಗ್ಗಿ ನೋಡಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಎಸಿ ನಿಂತಿತು. ಯುವರಾಣಿ ಕತ್ತೆತ್ತಿ, ವಿಶ್ವನಾಥನ್‌ರನ್ನು ದುರುಗುಟ್ಟಿ ನೋಡಿ ಬೈಯತೊಡಗಿತು. ಮರಿಯೂ ಕತ್ತೆತ್ತಿ, ಅವರನ್ನೇ ದುರುಗುಟ್ಟಿ, ಅದೇ ರಾಗದಲ್ಲಿ ಬೈಯಿತು. ಬೈದು ಮುಗಿದ ಮೇಲೆ ಯುವರಾಣಿ ಮರಿಯ ತಲೆಯನ್ನು ಸರಸರ ನೆಕ್ಕಿತು.

"ಗೆದ್ದ ನಮ್ ತಿಮ್ಮ!" ಅಣ್ಣಾಮಲೈ ಶಿಳ್ಳೆ ಹೊಡೆದ. ಜನ ಚಪ್ಪಾಳೆ ತಟ್ಟಿದರು. ಮೊದಲಾಳಿಯ ಮುಂದೆ ಹುಟ್ಟಿದಾಗಿನಿಂದ ಬಗ್ಗಿಯೇ ನಿಂತಿದ್ದ ತಿಮ್ಮರಾಜುವಿನ ಬೆನ್ನು ಮಗ್ಗದ ಕಂಬದಂತೆ ನೆಟ್ಟಗಾಯಿತು.

ವಿಶ್ವನಾಥನ್ ಬೆವರು ಒರೆಸಿಕೊಂಡು ಕೈ ಮುಗಿದರು. "ಒಪ್ಪಿದೆ ತಿಮ್ಮರಾಜು. ತಾಯಿ ನಮ್ಮೋಳೇ. ಆದ್ರೆ ಈ ಪಟ್ಟೆ? ಇದೆಲ್ಲಿಂದ ಬಂತು?"

"ನಮ್ ಬೀದಿ ಗಂಡುಬೆಕ್ಕಿನ ಪಟ್ಟೆ ಸಾಮಿ ಅದು!" ಗೆಲುವಿನ ಅಮಲಿನಲ್ಲಿ ಅಣ್ಣಾಮಲೈ ಕೂಗಿದ. "ಬೇರೆಲ್ಲೂ ಸಿಕ್ಕಲ್ಲ!"

"ಔದು ಮೊದಲಾಳಿ," ತಿಮ್ಮರಾಜು ಎದೆ ತಟ್ಟಿಕೊಂಡ, "ಅಪ್ಪ ನಮ್ಮೋನೇ!"

"ಅಪ್ಪಾಡಾ!" ವಿಶ್ವನಾಥನ್ ನಿಟ್ಟುಸಿರು ಬಿಟ್ಟರು. "ಮಕ್ಕಳು ಅಪ್ಪನ ಕುಲಕ್ಕೆ ಸೇರಿದವು, ಅಲ್ವಾ? ಇಂದುಜಾ, ತಗೊಂಡ್ ಬಾಮ್ಮಾ!"

ಅವರ ಹೆಂಡತಿ ಇಂದುಜಾ ಒಳಗಿನಿಂದ ದೊಡ್ಡ ಬುಟ್ಟಿಯೊಂದನ್ನು ಹೊತ್ತು ತಂದಳು. ಅದರ ತುಂಬ ಪಟ್ಟೆ, ಚಪ್ಪಟೆ ಮೂಗು. "ತಪ್ಪಿಸ್ಕೊಂಡು ಓಗಿದ್ದು ಒಂದೇಣ್ಣ. ಇನ್ನು ಮೂರು ಇಲ್ಲೈತೆ. ಇವುನ್ನ ಯಾರಿಗೆ ಒಪ್ಸೋದು ಅಂತ ನಿದ್ದೆ ಇರ್ಲಿಲ್ಲ ನಮಗೆ" ಎಂದು ಬುಟ್ಟಿಯನ್ನು ತಿಮ್ಮರಾಜುವಿನ ಕೈಗಿಟ್ಟು, ಅವನು ತಂದ ಮರಿಯನ್ನೂ ಅದರಲ್ಲೇ ಕೂರಿಸಿದಳು.

ಜೈಕಾರದ ನಡುವೆ ತಿಮ್ಮರಾಜು ಮನೆ ಮುಟ್ಟಿದಾಗ ಗಂಗಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದಳು.

"ಏನಿದು ಗಲಾಟೆ?"

"ಮೊದಲಾಳಿ ಮನೆಗೇ ಓಗಿ ಗೆದ್ದು ಬಂದೆ ಕಣೇ!" ಎಂದ ತಿಮ್ಮರಾಜು, ಬುಟ್ಟಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಾ.

"ಏನ್ ಗೆದ್ರಿ?"

ಅವನು ಬಾಯಿ ತೆರೆಯುವ ಮೊದಲೇ ಬುಟ್ಟಿ ನಾಲ್ಕು ದನಿಯಲ್ಲಿ ಉತ್ತರ ಕೊಟ್ಟಿತು.