ಮಹಾವೇಗಿಯವರು ತಡವಾಗಿ ಬಂದ ಬಗ್ಗೆ

ಗಾಳಿಗಿಂತ ಮುಂದೆ, ಬೆಳಕಿಗಿಂತ ಒಂದೇ ಹೆಜ್ಜೆ ಹಿಂದೆ ಓಡುವವರೂ, ನೀಲಿ ಮೇಲಂಗಿಯ ಇಸ್ತ್ರಿ ಕೆಡದಂತೆ ಕಟ್ಟಡಗಳನ್ನು ಹಾರುವವರೂ, ಮೂವತ್ತೆರಡು ಪುಟಗಳ ಬಣ್ಣದ ಕಾಮಿಕ್ಸಿನಲ್ಲಿ ಲೋಕರಕ್ಷಣೆಯ ಭಾರ ಹೊತ್ತವರೂ ಆದ ಮಹಾವೇಗಿಯವರ ಸನ್ನಿಧಾನಕ್ಕೆ ಒಬ್ಬ ಆಂಬುಲೆನ್ಸ್ ಚಾಲಕನ ನಮಸ್ಕಾರಗಳು.

ಮಾನ್ಯರೇ,

ಕಳೆದ ಗುರುವಾರ ನಮ್ಮ ಗಾಡಿಯನ್ನು ಬ್ರೇಕ್ ರಿಪೇರಿಗೆ ಬಿಟ್ಟು, ಗ್ಯಾರೇಜಿನ ಪಕ್ಕದ ಹಳೇ ಪುಸ್ತಕದ ಅಂಗಡಿಯಲ್ಲಿ ಹೊತ್ತು ಕಳೆಯುತ್ತಿದ್ದಾಗ ತಮ್ಮ ಮೂವತ್ತೊಂದನೇ ಸಂಚಿಕೆ ಕೈಗೆ ಸಿಕ್ಕಿತು. ನಲವತ್ತೊಂದು ವರ್ಷಗಳ ಹಿಂದೆ, ನನಗೆ ಎಂಟು ವರ್ಷವಿದ್ದಾಗ, ಇದೇ ಸಂಚಿಕೆಯನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿದ್ದೆ. ಆದರೆ ಅದಕ್ಕೆ ಕೊನೆಯ ಹಾಳೆ ಇರಲಿಲ್ಲ. ಅಂಗಡಿಯ ಪ್ರತಿಗೆ ಇತ್ತು. ಅದಕ್ಕೇ ಈ ದೂರು.

ಮೊದಲು ತಮ್ಮನ್ನು ಮನಸಾರೆ ಹೊಗಳಿಬಿಡುತ್ತೇನೆ, ಆಮೇಲೆ ಪುರುಸೊತ್ತು ಸಿಗಲಿಕ್ಕಿಲ್ಲ. ಕುಸಿದ ಸುರಂಗದಲ್ಲಿ ಒಬ್ಬ ತಾಯಿ ಸಿಕ್ಕಿಕೊಂಡಿದ್ದಾಳೆ, ನೀರು ಏರುತ್ತಿದೆ, ಹೊರಗೆ ಅವಳ ಇಬ್ಬರು ಮಕ್ಕಳು ಅಳುತ್ತ ನಿಂತಿದ್ದಾರೆ ಎಂಬ ಸುದ್ದಿ ತಮಗೆ ಒಂಬತ್ತನೇ ಪುಟದಲ್ಲೇ ಮುಟ್ಟುತ್ತದೆ. ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಡುತ್ತೀರಿ. ಆಹಾ, ಏನು ಹೊರಡುವ ಚೆಂದ! ಎರಡು ಪುಟ ಪೂರ್ತಿ ಅದಕ್ಕೇ ಮೀಸಲು. ಹದಿನಾಲ್ಕರಿಂದ ಹತ್ತೊಂಬತ್ತರವರೆಗೆ ದಾರಿಯಲ್ಲಿ ಎದುರಾದ ಲೋಹದ ರಾಕ್ಷಸನೊಂದಿಗೆ ಯುದ್ಧ. ಯುದ್ಧವೆಂದರೆ ಮುಕ್ಕಾಲುಪಾಲು ಭಾಷಣ, ಅವನದು ಮುಗಿದರೆ ತಮ್ಮದು, ತಮ್ಮದು ಮುಗಿದರೆ ಅವನದು. ಇಪ್ಪತ್ತೆರಡನೇ ಪುಟದಲ್ಲಿ ಯಾರೋ ಪತ್ರಿಕೆಯವರು ಕೂಗಿದರೆಂದು ನಿಂತು, ಸೊಂಟದ ಮೇಲೆ ಕೈಯಿಟ್ಟು ಪೋಸು ಕೊಟ್ಟಿದ್ದೀರಿ. ಫೋಟೋ ಚೆನ್ನಾಗಿ ಬಂದಿದೆ, ಅದರಲ್ಲಿ ಎರಡು ಮಾತಿಲ್ಲ.

ಮೂವತ್ತೊಂದನೇ ಪುಟದಲ್ಲಿ ತಾವು ಸುರಂಗ ಮುಟ್ಟುತ್ತೀರಿ. ತಾಯಿ ಸತ್ತುಹೋಗಿದ್ದಾಳೆ. ಮೂವತ್ತೆರಡರಲ್ಲಿ ಗಡಿಯಾರದ ಗೋಪುರದ ಮೇಲೆ ಒಬ್ಬರೇ ನಿಂತು, ಇನ್ನೆಂದೂ ಹೀಗಾಗಲು ಬಿಡೆನೆಂದು ಆಕಾಶಕ್ಕೆ ಶಪಥ ಮಾಡುತ್ತೀರಿ. ಕನ್ನಡಕ ಒರೆಸಿಕೊಂಡು ಆ ಪುಟವನ್ನು ಮೂರು ಸಲ ಹುಡುಕಿದೆ. ಮಕ್ಕಳು ಎಲ್ಲೂ ಇಲ್ಲ. ತಮ್ಮ ಮೇಲಂಗಿ ಬಿಡಿಸಿದ ಮೇಲೆ ಚಿತ್ರಗಾರರಿಗೆ ಜಾಗ ಉಳಿಯಲಿಲ್ಲವೇನೋ.

ಇಪ್ಪತ್ತೆರಡು ವರ್ಷದಿಂದ ನಾನು ಗಾಡಿ ಓಡಿಸುತ್ತಿದ್ದೇನೆ. ಕರೆ ಬಂದ ಸಮಯ, ಬಾಗಿಲು ಮುಟ್ಟಿದ ಸಮಯ ಎರಡನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು, ತಡವಾದರೆ ಕಾರಣ ಬರೆಯಬೇಕು. ರೈಲ್ವೆ ಗೇಟು ಹಾಕಿತ್ತು ಎಂದು ಒಮ್ಮೆ ಬರೆದಿದ್ದಕ್ಕೆ ನಮ್ಮ ಸಾಹೇಬರು ಗೇಟಿನವನ ಸಹಿ ತಾ ಎಂದು ವಾಪಸ್ ಅಟ್ಟಿದ್ದರು. ತಮ್ಮ ಪುಣ್ಯ, ಅವರ ಕೈಕೆಳಗೆ ತಾವು ಕೆಲಸ ಮಾಡುತ್ತಿಲ್ಲ.

ಇಷ್ಟಾದರೂ ಈ ಕೆಲಸಕ್ಕೆ ನಾನು ಸೇರಿದ್ದು ತಮ್ಮನ್ನು ನಂಬಿಯೇ, ಯಾಕೆಂದರೆ ನನಗೆ ಗೊತ್ತಿದ್ದ ಕೊನೆ ಬೇರೆ. ಆ ಸಂಚಿಕೆ ಮನೆಗೆ ಬಂದಾಗ ನಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದಳು. ಮನೆಯ ಕಾಯಿದೆಯಂತೆ ಪುಸ್ತಕ ಮೊದಲು ಹನ್ನೊಂದು ವರ್ಷದ ಅಕ್ಕನಿಗೆ, ಆಮೇಲೆ ನನಗೆ. ನನ್ನ ಕೈಗೆ ಬಂದಾಗ ಕೊನೆಯ ಹಾಳೆ ಮಾಯ. ಯಾಕೆ ಹರಿದೆ ಅಂದರೆ, ಹರೀಬೇಕು ಅನ್ನಿಸ್ತು ಹರಿದೆ, ಏನೀಗ ಅಂದಳು. ಕಥೆಯನ್ನು ಮಾತ್ರ ಬಾಯಲ್ಲಿ ಹೇಳಿದಳು: ಮಹಾವೇಗಿ ಸರಿಯಾದ ಹೊತ್ತಿಗೆ ಬಂದ, ಅಮ್ಮನನ್ನು ಹೆಗಲ ಮೇಲೆ ಹೊತ್ತು ತಂದ, ಮಕ್ಕಳ ಮೂಗು ಒರೆಸಿದ, ಅವರ ಮನೆಯಲ್ಲಿ ಚಹಾ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ.

ನಾನು ಕೃತಜ್ಞತೆ ತೋರಿಸಿದ ಬಗೆ ಕೇಳಿ. ಅವಳ ಜಡೆ ಹಿಡಿದು ಎಳೆದಾಡಿ, ಬೆನ್ನಿಗೆ ನಾಲ್ಕು ಗುದ್ದಿ, ಸಾಲದ್ದಕ್ಕೆ ಲೈಬ್ರರಿಯ ಯಜಮಾನರಿಗೆ ಚಾಡಿ ಹೇಳಿದೆ. ಅವರು ಎಲ್ಲರೆದುರು ಅವಳ ಕಾರ್ಡು ಕಿತ್ತುಕೊಂಡರು. ಊಟ ಬೇಕಾದರೂ ಬಿಟ್ಟು ಪುಸ್ತಕ ಹಿಡಿದು ಕೂರುತ್ತಿದ್ದವಳು ಮತ್ತೆ ಆ ಬಾಗಿಲು ತುಳಿಯಲಿಲ್ಲ. ಅದಾಗಿ ಒಂಬತ್ತು ದಿನಕ್ಕೆ ಅಮ್ಮ ತೀರಿಕೊಂಡಳು. ಅಂದಿನಿಂದ ಮೊನ್ನೆಯವರೆಗೆ, ಅವಳ ಮದುವೆಯ ದಿನವನ್ನೂ ಬಿಡದೆ, ನಾನು ಅಕ್ಕನನ್ನು ಕರೆದದ್ದು ಪುಟಹರುಕಿ ಅಂತಲೇ.

ನನಗೆ ಆಗಲೇ ಅರ್ಥವಾಗಬೇಕಿತ್ತು. ನಡುವೆ ಪಿನ್ನು ಹೊಡೆದ ಪುಸ್ತಕದಲ್ಲಿ ಕೊನೆಯ ಹಾಳೆ ಕಿತ್ತರೆ ಅದರ ಜೋಡಿಯಾದ ಮೊದಲ ಹಾಳೆಯೂ ಕಳಚಿ ಬರುತ್ತದೆ. ನಮ್ಮ ಪ್ರತಿಯಲ್ಲಿ ಆ ಮೊದಲ ಹಾಳೆಯನ್ನು ಮೈದಾ ಅಂಟು ಹಚ್ಚಿ, ಅಂಚಿಗೆ ಅಂಚು ಕೂಡಿಸಿ, ನೀಟಾಗಿ ಕೂರಿಸಲಾಗಿತ್ತು. ಸಿಟ್ಟಿಗೆ ಹರಿಯುವವರು ಅಂಟು ಕಲಸುತ್ತ ಕೂರುವುದಿಲ್ಲ. ಎಂಟು ವರ್ಷದ ತಲೆಗೆ ಹೊಳೆಯಲಿಲ್ಲ, ಸರಿ. ಆಮೇಲೆ ಇಷ್ಟು ವರ್ಷ ಈ ತಲೆಯಲ್ಲಿ ಏನು ತುಂಬಿತ್ತೋ!

ಗುರುವಾರ ಸಂಜೆಯೇ ಸಂಚಿಕೆಯನ್ನು ಅಕ್ಕನ ಹೊಲಿಗೆ ಅಂಗಡಿಗೆ ಒಯ್ದು ಮಷಿನ್ನಿನ ಮೇಲಿಟ್ಟೆ. ಅವಳು ಕೊನೆಯ ಪುಟ ನೋಡಿ, ಪಕ್ಕಕ್ಕೆ ಸರಿಸಿ, ದಾರ ಕತ್ತರಿಸಿದಳು. ಯಾಕೆ ಆಗಲೇ ಹೇಳಲಿಲ್ಲ ಎಂದು ನಾನು ಜೋರು ಮಾಡಿದೆ. ತಪ್ಪು ನನ್ನದಾದಾಗಲೆಲ್ಲ ನಾನು ಹಾಗೇ ಜೋರು ಮಾಡುವುದು. ಅದಕ್ಕೆ ಅಕ್ಕ, ಅಮ್ಮ ಉಳಿಯಲ್ಲ ಅಂತ ಡಾಕ್ಟರು ಅಪ್ಪನ ಹತ್ತಿರ ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು ಕಣೋ, ಅದನ್ನ ನಿನಗೆ ಹೇಳೋಕೆ ಆಗ ನನಗೂ ಹನ್ನೊಂದೇ ವರ್ಷ ಅಂದಳು. ನಾನು ಎದ್ದ ರಭಸಕ್ಕೆ ಗುಂಡಿಯ ಡಬ್ಬಿ ಬಿತ್ತು, ಗುಂಡಿ ಆರಿಸುವ ನೆಪದಲ್ಲಿ ಬಹಳ ಹೊತ್ತು ನೆಲದ ಮೇಲೇ ಇದ್ದೆ. ಕ್ಷಮಿಸು ಎಂದು ಹೇಳದೆಯೇ, ಡಬ್ಬಿಯನ್ನು ಮಷಿನ್ನಿನ ಮೇಲಿಟ್ಟು ಹೊರಟುಬಂದೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ನಲವತ್ತನೇ ಸಂಚಿಕೆಯಲ್ಲಿ ತಾವು ಓಟದ ರಭಸಕ್ಕೆ ಕಾಲವನ್ನೇ ಹಿಂದಕ್ಕೆ ತಿರುಗಿಸಿದಿರೆಂದು ಆ ಪುಸ್ತಕದಂಗಡಿಯ ಗೋಡೆಯ ಹಳೇ ಜಾಹೀರಾತು ಹೇಳುತ್ತದೆ. ಹಾಗಿದ್ದರೆ ದಯಮಾಡಿ ನಲವತ್ತೊಂದು ವರ್ಷ ಹಿಂದಿನ ಆ ಮಧ್ಯಾಹ್ನಕ್ಕೆ ಒಮ್ಮೆ ಹೋಗಿಬನ್ನಿ. ಅಮ್ಮನನ್ನು ಉಳಿಸಿ ಎಂದು ಕೇಳುವುದಿಲ್ಲ. ಅದು ತಮ್ಮ ಕೈಲಾಗದ ಕೆಲಸವೆಂದು ಗೊತ್ತಾಯಿತು. ನಡುಮನೆಯಲ್ಲಿ ಒಬ್ಬ ಹುಡುಗ ಅಕ್ಕನ ಜಡೆ ಹಿಡಿದಿದ್ದಾನೆ. ಅವನ ಕೈ ಬಿಡಿಸಿ, ಅಷ್ಟು ಸಾಕು. ಅವಳಾಗ ಅಳುತ್ತಿದ್ದಳು, ಏಟಿನ ನೋವಿಗೆ ಎಂದುಕೊಂಡಿದ್ದೆ.

ಇನ್ನೂ ಹೇಗೋ ತಮ್ಮ ವಿಶ್ವಾಸಿಯೇ ಆಗಿರುವ,
ಒಬ್ಬ ಆಂಬುಲೆನ್ಸ್ ಚಾಲಕ

ಮರೆತ ಮಾತು: ಉತ್ತರವನ್ನು ಖುದ್ದಾಗಿ ತರುವ ತೊಂದರೆ ಬೇಡ, ಅಂಚೆಗೆ ಹಾಕಿ, ಅದು ಬೇಗ ತಲುಪುತ್ತದೆ. ಅಂದಹಾಗೆ, ಈ ಪತ್ರದ ಮೂಲ ಪ್ರತಿಯನ್ನು ಅಕ್ಕನಿಗೆ ಕಳಿಸಿದ್ದೇನೆ. ತಮಗೆ ಬಂದಿರುವುದು ನಕಲು.